ಬೆಲ್ ಬಾಟಮ್ ಮತ್ತೆ ಬಂದದ್ದು ಹೇಗೆ?

ಮೊಣಕಾಲಿನವರೆಗೆ ಬಿಗಿ, ಅಲ್ಲಿಂದ ಕೆಳಗೆ ಅಗಲ. ಈ ಪ್ಯಾಂಟು ಮೊದಲು ಫ್ಯಾಷನ್ನೇ ಆಗಿರಲಿಲ್ಲ, ನಾವಿಕರ ಕೆಲಸದ ಬಟ್ಟೆ! ಹಡಗಿನ ಡೆಕ್ ತೊಳೆಯುವಾಗ ಸಲೀಸಾಗಿ ಮೇಲಕ್ಕೆ ಮಡಚಿಕೊಳ್ಳಬಹುದಿತ್ತು.

1960ರ ದಶಕದಲ್ಲಿ ಅಮೆರಿಕದ ಹುಡುಗ ಹುಡುಗಿಯರು ಮಿಲಿಟರಿಯ ಹಳೇ ಬಟ್ಟೆ ಮಾರುವ ಅಂಗಡಿಗಳಲ್ಲಿ ಇದನ್ನು ಅಗ್ಗಕ್ಕೆ ಕೊಂಡರು. ಅಪ್ಪಂದಿರ ಇಸ್ತ್ರಿ ಹಾಕಿದ ಸೂಟಿಗೆ ಅದೇ ಅವರ ಉತ್ತರ. 1970ರ ದಶಕದಲ್ಲಿ ಹಿಂದಿ, ಕನ್ನಡ ಸಿನಿಮಾ ನಾಯಕರೂ ತೊಟ್ಟರು. ನಮ್ಮೂರ ಟೈಲರುಗಳೂ ಹೊಲಿದರು. ಎಲ್ಲರೂ ಹಾಕಿದ ಮೇಲೆ ಅದರಲ್ಲೇನು ವಿಶೇಷ? 80ರ ದಶಕದಲ್ಲಿ ಬಾಟಮ್ ಕಿರಿದಾಯಿತು.

ಉಡುಪಿನ ಇತಿಹಾಸಕಾರ ಜೇಮ್ಸ್ ಲೇವರ್ 1937ರಲ್ಲೇ ಫ್ಯಾಷನ್ನಿನ ಇಂಥ ಏರಿಳಿತಕ್ಕೊಂದು ಲೆಕ್ಕ ಕೊಟ್ಟಿದ್ದರು. ಫ್ಯಾಷನ್ ಹೋಗಿ 10 ವರ್ಷಕ್ಕೆ ಬಟ್ಟೆ ವಿಕಾರ ಅನ್ನಿಸುತ್ತೆ, 20ಕ್ಕೆ ನಗೆಪಾಟಲು, 50ಕ್ಕೆ ಹಳೇ ಕಾಲದ ಸೊಗಸು. ಬೆಲ್ ಬಾಟಮ್ ಅಷ್ಟು ಕಾಯಲೇ ಇಲ್ಲ. 1990ರ ದಶಕದಲ್ಲೇ ಬೂಟ್‌ಕಟ್ ಹೆಸರಲ್ಲಿ ಮೆಲ್ಲಗೆ ಮರಳಿತು.

ಯಾಕೆ? ತೊಟ್ಟು ಬಿಟ್ಟವರಿಗೆ ಹಳೇ ಫೋಟೋ ನೋಡಿದರೆ ಮುಜುಗರ. ಅವರ ಮಕ್ಕಳಿಗೆ ಆ ಮುಜುಗರವಿಲ್ಲ, ಅವರಿಗದು ಹೊಚ್ಚ ಹೊಸದು. ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಸಿನಿಮಾವೂ ಕೈಜೋಡಿಸುತ್ತೆ: 2019ರ ಕನ್ನಡ ಚಿತ್ರ ‘ಬೆಲ್ ಬಾಟಂ’ ಹಳೇ ಕಾಲದ ವೇಷದಲ್ಲೇ ಜನರನ್ನು ಸೆಳೆಯಿತು.

ಆದರೆ ಮರಳಿದ್ದು ಹಳೆಯದೇ ಅಲ್ಲ. ಮೈ ಬೆವರಿಸುತ್ತಿದ್ದ ಪಾಲಿಯೆಸ್ಟರ್ ಜಾಗದಲ್ಲಿ ಈಗ ಹಿಗ್ಗುವ ಡೆನಿಮ್ ಇದೆ.

ಮನೆಯ ಟ್ರಂಕಿನಲ್ಲಿ ಅಪ್ಪನ ಹಳೇ ಪ್ಯಾಂಟು ಇದೆಯಾ? ದಯವಿಟ್ಟು ಹರಿದು ಒರೆಸುವ ಬಟ್ಟೆ ಮಾಡಬೇಡಿ. ಟೈಲರ್ ಹತ್ತಿರ ಸೊಂಟ ಸರಿಮಾಡಿಸಿ, ನೀವೇ ಹಾಕಿಕೊಳ್ಳಿ.