ಬಾಯಿಲ್ಲದ ಅಮ್ಮ, ತುಂಬಿದ ತಟ್ಟೆ: ಗ್ರೀಕರ ಉಪವಾಸದ ಅಡುಗೆ

ಚಳಿಗಾಲ ಮುಗಿಯುತ್ತ ಬಂದಾಗ ಗ್ರೀಸಿನ ಅನೇಕ ಮನೆಗಳ ಅಡುಗೆಮನೆ ಗೋಡೆಗೆ ಕಾಗದದ ಬೊಂಬೆಯೊಂದು ಏರುತ್ತದೆ. ಹೆಸರು ‘ಕಿರಾ ಸರಕೋಸ್ತಿ’, ಅಂದರೆ ಉಪವಾಸದಮ್ಮ. ಎದೆಯ ಮೇಲೆ ಕೈಕಟ್ಟಿ ಪ್ರಾರ್ಥನೆಗೆ ನಿಂತಿರುವ ಈಕೆಗೆ ಬಾಯಿಲ್ಲ. ಉಪವಾಸ ಹಿಡಿದವಳಿಗೆ ಬಾಯೇಕೆ! ಕಾಲು ಮಾತ್ರ ಏಳು. ಮಕ್ಕಳು ಶನಿವಾರಕ್ಕೊಂದರಂತೆ ಕಾಲು ಕತ್ತರಿಸುತ್ತ ಬರುತ್ತಾರೆ. ಏಳನೆಯದೂ ಹೋಯಿತೆಂದರೆ ಮರುದಿನವೇ ಈಸ್ಟರ್.

ಈ ಏಳು ವಾರ ವ್ರತ ಹಿಡಿದ ಆರ್ಥೊಡಾಕ್ಸ್ ಕ್ರೈಸ್ತರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ಚೀಸ್ ಮುಟ್ಟುವುದಿಲ್ಲ. ಹಾಗೆಂದು ಹೊಟ್ಟೆ ಖಾಲಿ ಬಿಡುವುದೂ ಇಲ್ಲ. ‘ವೀಗನ್’ ಎಂಬ ಪದ ಬ್ರಿಟನ್ನಿನಲ್ಲಿ ಹುಟ್ಟಿದ್ದು 1944ರಲ್ಲಿ. ಅದಕ್ಕೆ ಶತಮಾನಗಳ ಮೊದಲೇ ಗ್ರೀಕ್ ಗೃಹಿಣಿಯರು ತರಕಾರಿ, ಕಾಳು, ಎಣ್ಣೆಗಳಲ್ಲೇ ಊಟ ತುಂಬಿಸುವ ವಿದ್ಯೆ ಕಲಿತಿದ್ದರು. ಆ ವಿದ್ಯೆ ನಡೆಯುವ ಬಗೆ ಹೀಗಿದೆ.

ಏನು ಉಂಟು, ಏನು ಇಲ್ಲ

ವ್ರತ ಶುರುವಾಗುವುದು ಈಸ್ಟರ್‌ಗೆ 48 ದಿನ ಮುಂಚಿನ ‘ಶುದ್ಧ ಸೋಮವಾರ’ದಂದು. ಅದಕ್ಕೂ ಹಿಂದಿನ ವಾರ ಚೀಸ್ ವಾರ. ಆಗಲೇ ಮಾಂಸ ಬಿಟ್ಟಾಗಿರುತ್ತದೆ, ಹಾಲಿನ ಪದಾರ್ಥ ಇನ್ನೂ ನಡೆಯುತ್ತದೆ. ಹೀಗೆ ಮೆಟ್ಟಿಲಿಳಿದಂತೆ ವ್ರತಕ್ಕೆ ಇಳಿಯುತ್ತಾರೆ. ಶುದ್ಧ ಸೋಮವಾರ ಮನೆಮಂದಿಯೆಲ್ಲ ಬಯಲಿಗೆ ಹೋಗಿ ಗಾಳಿಪಟ ಹಾರಿಸುತ್ತಾರೆ. ಬುತ್ತಿಯಲ್ಲಿ ಆಲಿವ್ ಕಾಯಿ, ಎಳ್ಳಿನ ಹಲ್ವಾ, ಜೊತೆಗೆ ‘ಲಗಾನ’. ಇದು ಮೇಲೆಲ್ಲ ಬೆರಳೊತ್ತಿ ಗುಳಿ ಮಾಡಿ, ಎಳ್ಳು ಉದುರಿಸಿ ಸುಟ್ಟ ಉದ್ದನೆಯ ಚಪ್ಪಟೆ ಬ್ರೆಡ್ಡು. ಬೇಕರಿಗಳು ಇದನ್ನು ಮುಖ್ಯವಾಗಿ ಆ ಒಂದು ದಿನಕ್ಕೆಂದೇ ಮಾಡುತ್ತವೆ.

ಮೀನಿಗೆ ಎರಡೇ ದಿನ ವಿನಾಯಿತಿ: ಮಾರ್ಚ್ 25ರ ಹಬ್ಬ ಮತ್ತು ಗರಿಗಳ ಭಾನುವಾರ. ಆಕ್ಟೋಪಸ್, ಸೀಗಡಿ, ಚಿಪ್ಪುಮೀನುಗಳಿಗೆ ಮಾತ್ರ ಅಡ್ಡಿಯಿಲ್ಲ, ಅವಕ್ಕೆ ರಕ್ತವಿಲ್ಲವೆಂಬುದು ಹಳೆಯ ಎಣಿಕೆ. ಕಟ್ಟುನಿಟ್ಟಾಗಿ ನಡೆಸುವವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಆಲಿವ್ ಎಣ್ಣೆಯೂ ಇಲ್ಲ. ಆದರೆ ಆಲಿವ್ ಕಾಯಿ ತಿನ್ನಬಹುದು! ಎಲ್ಲರೂ ಇಷ್ಟೊಂದು ಬಿಗಿ ಹಿಡಿಯುವುದಿಲ್ಲ. ಮೊದಲ ವಾರ ಮತ್ತು ಕೊನೆಯ ವಾರ ಮಾತ್ರ ಪಾಲಿಸುವವರು ಬೇಕಾದಷ್ಟಿದ್ದಾರೆ.

ಇಲ್ಲೊಂದು ಎಚ್ಚರಿಕೆ. ಉಪವಾಸಕ್ಕೆ ಸಲ್ಲುವ ತಿನಿಸಿಗೆ ಗ್ರೀಕರು ‘ನಿಸ್ತೀಸಿಮೊ’ ಎನ್ನುತ್ತಾರೆ. ಅದರಲ್ಲಿ ಹಾಲು, ಮೊಟ್ಟೆ ಇರಲಾರದು, ಆದರೆ ಸೀಗಡಿ, ಮೀನಿನ ತತ್ತಿ ಅಥವಾ ಜೇನುತುಪ್ಪ ಇರಬಹುದು. ಪ್ರವಾಸಕ್ಕೆ ಹೋದ ಸಸ್ಯಾಹಾರಿಗಳು ಆ ಪದವೊಂದನ್ನೇ ನಂಬದೆ, ಬಿಡಿಸಿ ಕೇಳುವುದು ಒಳ್ಳೆಯದು.

ಎಣ್ಣೆ ಮಾತ್ರ ಉಳಿಯುವ ತನಕ

ಈ ಅಡುಗೆಯ ಬೆನ್ನೆಲುಬು ‘ಲಾದೆರಾ’. ‘ಲಾದಿ’ ಎಂದರೆ ಎಣ್ಣೆ. ಎಣ್ಣೆಯಲ್ಲೇ ಬೇಯಿಸಿದ ತರಕಾರಿಗಳಿಗೆಲ್ಲ ಇದೇ ಹೆಸರು. ಹುರುಳಿಕಾಯಿಯ ‘ಫಸೊಲಾಕಿಯ’ವನ್ನೇ ನೋಡೋಣ.

ಅರ್ಧ ಕಿಲೋ ಹುರುಳಿಕಾಯಿಗೆ ಒಂದು ಈರುಳ್ಳಿ, ಮೂರು ಹಣ್ಣಾದ ಟೊಮ್ಯಾಟೊ, ಒಂದು ಆಲೂಗೆಡ್ಡೆ, ಸುಮಾರು 100 ಮಿಲಿ ಆಲಿವ್ ಎಣ್ಣೆ. ಟೊಮ್ಯಾಟೊವನ್ನು ಎರಡು ಹೋಳು ಮಾಡಿ, ಕೊಯ್ದ ಬದಿಯನ್ನು ತುರಿಮಣೆಗೆ ಉಜ್ಜಿದರೆ ತಿರುಳೆಲ್ಲ ಇಳಿದು ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ. ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಾಗಿಸದೆ ಬರೀ ಬಾಡಿಸಿ. ಹುರುಳಿಕಾಯಿ, ಆಲೂಗೆಡ್ಡೆ ಹಾಕಿ ತಿರುವಿ, ಟೊಮ್ಯಾಟೊ, ಉಪ್ಪು, ಅರ್ಧ ಲೋಟ ನೀರು ಸೇರಿಸಿ ಮುಚ್ಚಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ನಮ್ಮ ಪಲ್ಯದ ಕೈಗೆ ಇದು ಮೂರು ಕಡೆ ವಿಚಿತ್ರ ಅನ್ನಿಸುತ್ತದೆ. ಒಗ್ಗರಣೆ ಇಲ್ಲ. ಕಾಯಿ ಗರಿಗರಿ ಉಳಿಯಬಾರದು, ನಾಲಿಗೆಗೆ ಬೆಣ್ಣೆಯಂತೆ ಮೆತ್ತಗಾಗಬೇಕು. ಎಣ್ಣೆಯೋ, ಕಂಡವರು ಹೌಹಾರುವಷ್ಟು. ಆದರೆ ಇಲ್ಲಿ ಎಣ್ಣೆಯೇ ಸಾರು. ನೀರೆಲ್ಲ ಇಂಗಿ, ಟೊಮ್ಯಾಟೊ ಬೆರೆತ ಕೆಂಪೆಣ್ಣೆ ಮಾತ್ರ ಪಾತ್ರೆಯ ತಳದಲ್ಲಿ ಹೊಳೆಯುತ್ತಿದ್ದರೆ ಅಡುಗೆ ಆಯಿತೆಂದು ಅರ್ಥ. ‘ತನ್ನ ಎಣ್ಣೆಯಲ್ಲೇ ಉಳಿದಿದೆ’ ಎನ್ನುತ್ತಾರೆ ಗ್ರೀಕರು. ಒಲೆಯಿಂದಿಳಿಸಿದ ಕೂಡಲೇ ಬಡಿಸದೆ, ಆರಿ ಉಗುರುಬೆಚ್ಚಗಾದ ಮೇಲೆ ಬ್ರೆಡ್ಡಿನಿಂದ ಆ ಎಣ್ಣೆಯನ್ನು ಒರೆಸಿಕೊಂಡು ತಿನ್ನುತ್ತಾರೆ.

ಬೆಂಡೆಕಾಯಿಗೂ ಇದೇ ದಾರಿ, ಆದರೆ ಲೋಳೆಗೊಂದು ಉಪಾಯ ಬೇಕು. ನಾವು ಹುಣಸೆಹುಳಿ ಹಿಂಡುವಲ್ಲಿ ಅವರು ವಿನೆಗರ್ ಹಿಡಿದಿದ್ದಾರೆ. ಎಳೆಯ ಬೆಂಡೆಯ ತೊಟ್ಟನ್ನು ಒಳಗಿನ ಗೂಡು ತೆರೆಯದಂತೆ ಪೆನ್ಸಿಲ್ ಚೂಪು ಮಾಡಿದ ಹಾಗೆ ಹೆರೆದು, ಉಪ್ಪು, ವಿನೆಗರ್ ಸವರಿ ಅರ್ಧ ಗಂಟೆ ಬಿಸಿಲಿಗಿಡುತ್ತಾರೆ. ಬೇಯುವಾಗ ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಕುಲುಕುತ್ತಾರೆ.

ನಮಗೆ ಹತ್ತಿರದ ಇನ್ನೊಂದು ಪರಿಮಳ ಸಬ್ಬಸಿಗೆ ಸೊಪ್ಪಿನದು. ಪಾಲಕ್, ಅಕ್ಕಿ, ಈರುಳ್ಳಿ ಒಟ್ಟಿಗೆ ಬೇಯಿಸಿ ಕೈತುಂಬ ಸಬ್ಬಸಿಗೆ ಹಾಕಿ, ಕೊನೆಗೆ ನಿಂಬೆ ಹಿಂಡಿದರೆ ‘ಸ್ಪನಕೋರಿಜೊ’. ಅಕ್ಕಿ, ಸಬ್ಬಸಿಗೆ ತುಂಬಿ ದ್ರಾಕ್ಷಿ ಎಲೆಯಲ್ಲಿ ಸುತ್ತಿದರೆ ‘ದೊಲ್ಮಾದಾಕಿಯ’. ಮಾಂಸವಿಲ್ಲದ ಈ ಸುರುಳಿಗೆ ‘ಯಲಂಜಿ’ ಎಂಬ ಅಡ್ಡಹೆಸರುಂಟು. ತುರ್ಕಿ ಭಾಷೆಯಲ್ಲಿ ಅದರರ್ಥ ಸುಳ್ಳುಗಾರ. ಮಾಂಸವಿಲ್ಲದೆ ಅನ್ನವನ್ನಷ್ಟೇ ತುಂಬಿ ಬೇಯಿಸಿದ ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಗಳನ್ನು ‘ಅನಾಥ’ ಎಂದು ಕರೆಯುವುದೂ ಉಂಟು.

ಕಾಳಿನ ಬಲ

ಮಾಂಸದ ಜಾಗ ತುಂಬುವುದು ಕಾಳು. ನಮ್ಮಲ್ಲಿ ಮಾಧ್ವರ ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ, ಬೇಳೆಕಾಳು ನಿಷಿದ್ಧ. ಗ್ರೀಕರ ವ್ರತವೋ ಬೇಳೆಕಾಳಿನ ಮೇಲೆಯೇ ನಿಂತಿದೆ.

ಬಿಳಿ ಬೀನ್ಸ್ ಕಾಳನ್ನು ರಾತ್ರಿ ನೆನೆಹಾಕಿ, ಕ್ಯಾರೆಟ್, ಸೆಲರಿ, ಈರುಳ್ಳಿ, ಟೊಮ್ಯಾಟೊ ಜೊತೆ ಬೇಯಿಸಿದ ‘ಫಸೊಲಾದ’ವನ್ನು ದೇಶದ ಅಡುಗೆ ಎಂದೇ ಹಲವರು ಕರೆಯುತ್ತಾರೆ. ಸಿಫ್ನೋಸ್ ದ್ವೀಪದಲ್ಲಿ ಕಾಬೂಲಿ ಕಡಲೆಯನ್ನು ಮಣ್ಣಿನ ಮಡಕೆಯಲ್ಲಿ ತುಂಬಿ ಶನಿವಾರ ರಾತ್ರಿ ಸೌದೆ ಒಲೆಗಿಟ್ಟರೆ, ಭಾನುವಾರ ಚರ್ಚಿನಿಂದ ಬರುವ ಹೊತ್ತಿಗೆ ಹಣ್ಣಾಗಿ ಬೆಂದಿರುತ್ತದೆ. ಸಾಂತೊರಿನಿಯ ‘ಫಾವ’ ಹಳದಿ ಬೇಳೆಯ ಗಟ್ಟಿ ಮುದ್ದೆ. ಮೇಲೆ ಹಸಿ ಈರುಳ್ಳಿ, ನಿಂಬೆರಸ, ಒಂದು ಧಾರೆ ಎಣ್ಣೆ.

ಎಣ್ಣೆಯೂ ನಿಷಿದ್ಧವಾದ ದಿನ ಕೈಹಿಡಿಯುವುದು ಎಳ್ಳು. ಹುರಿದ ಎಳ್ಳನ್ನು ನುಣ್ಣಗೆ ಅರೆದ ‘ತಾಹೀನಿ’ ಎಣ್ಣೆಯ ಲೆಕ್ಕಕ್ಕೆ ಬರುವುದಿಲ್ಲ! ಅದಕ್ಕೆ ನಿಂಬೆರಸ ಹಾಕಿ ಕಲಕಿದರೆ ಮೊದಲು ಸುಣ್ಣದಂತೆ ಗಟ್ಟಿಯಾಗುತ್ತದೆ. ಕೆಟ್ಟಿತೆಂದು ಕೈಬಿಡಬೇಡಿ. ನೀರನ್ನು ಚಮಚ ಚಮಚವಾಗಿ ಸೇರಿಸಿದರೆ ಬಿಳಿಯ ಕೆನೆಯಾಗುತ್ತದೆ. ಬೆಂದ ಅಕ್ಕಿಯ ಗಂಜಿಗೆ ಇದನ್ನು ಬೆರೆಸಿದರೆ ಶುಭ ಶುಕ್ರವಾರದ ತಾಹೀನಿ ಸೂಪ್. ಬೆರೆಸಿದ ಮೇಲೆ ಕುದಿಸಬಾರದು, ಒಡೆಯುತ್ತದೆ.

ಒಂದು, ಎರಡು, ಮೂರು, ನಾಲ್ಕು

ಸಿಹಿಗೆ ರವೆಯ ಹಲ್ವಾ. ಇದರ ಅಳತೆಯನ್ನು ಬರೆದಿಡಬೇಕಾಗಿಲ್ಲ: ಒಂದು ಲೋಟ ಎಣ್ಣೆ, ಎರಡು ಲೋಟ ದಪ್ಪ ರವೆ, ಮೂರು ಲೋಟ ಸಕ್ಕರೆ, ನಾಲ್ಕು ಲೋಟ ನೀರು. ಸಕ್ಕರೆ, ನೀರು, ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಐದು ನಿಮಿಷ ಕುದಿಸಿ, ಚಕ್ಕೆ, ಲವಂಗ, ಸಿಪ್ಪೆ ತೆಗೆದಿಡಿ. ಇನ್ನೊಂದು ಒಲೆಯಲ್ಲಿ ರವೆಯನ್ನು ಎಣ್ಣೆಯಲ್ಲಿ ಕೈಬಿಡದೆ ಹುರಿಯಿರಿ. ಬಿಸ್ಕತ್ತಿನ ಬಣ್ಣ ಬಂದು ಘಮ ಏಳಬೇಕು. ಉರಿ ಆರಿಸಿ, ಪಾಕವನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಜೋರಾಗಿ ಉಕ್ಕಿ ಸಿಡಿಯುತ್ತದೆ, ಆದ್ದರಿಂದ ಪಾತ್ರೆ ಆಳವಾಗಿರಲಿ, ಮುಖ ದೂರವಿರಲಿ. ಮತ್ತೆ ಸಣ್ಣ ಉರಿಯಲ್ಲಿ ತಿರುವುತ್ತ, ತಳ ಬಿಟ್ಟ ಮೇಲೆ ಇಳಿಸಿ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಬಟ್ಟಲಿಗೆ ಒತ್ತಿ, ಆರಿದ ಮೇಲೆ ಮಗುಚಿ, ಚಕ್ಕೆಪುಡಿ ಉದುರಿಸಿ. ನಮ್ಮ ಕೇಸರಿಬಾತಿನ ದಾಯಾದಿಯೇ ಸರಿ. ಬಣ್ಣವಿಲ್ಲ, ತುಪ್ಪವಿಲ್ಲ, ತಣ್ಣಗೆ ಹೋಳು ಮಾಡಿ ತಿನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಗ್ರೀಕರ ವ್ರತ ಏಳು ವಾರಕ್ಕೆ ಮುಗಿಯುತ್ತದೆ. ವರ್ಷವಿಡೀ ಹೀಗೆ ಉಣ್ಣುವವರು ಬಿ12 ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಲೇಬೇಕು, ಸೊಪ್ಪು ಕಾಳುಗಳಲ್ಲಿ ಅದು ಸಿಗುವುದಿಲ್ಲ. ಒಮ್ಮೆ ಮಾಡಿ ನೋಡುವ ಆಸೆಯಿದ್ದರೆ ಹಲ್ವಾದಿಂದ ಶುರುಮಾಡಿ, ಸೂರ್ಯಕಾಂತಿ ಎಣ್ಣೆಯೂ ನಡೆಯುತ್ತದೆ. ಲಾದೆರಾಕ್ಕೆ ಮಾತ್ರ ಒಳ್ಳೆಯ ಆಲಿವ್ ಎಣ್ಣೆಯೇ ಬೇಕು. ಹೆಸರೇ ಎಣ್ಣೆಯದಾದ ಅಡುಗೆಯಲ್ಲಿ ಎಣ್ಣೆ ಬದಲಾದರೆ ಉಳಿಯುವುದು ಹುರುಳಿಕಾಯಿ ಪಲ್ಯ.