ಕಾದ ನೀರನ್ನು ಕಾಯುವ ಕೆಲಸ

ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ಹೊಸ ನೀರು ತುಂಬಿ, ಮರುದಿನ ನಸುಕಿನಲ್ಲಿ ಒಲೆ ಹೊತ್ತಿಸಿ ಎಣ್ಣೆಸ್ನಾನ ಮಾಡುವ ನಮ್ಮ ಮನೆಗಳಲ್ಲಿ ನೀರಿಗೆ ಒಂದೇ ಸಲದ ಕೆಲಸ. ಮೈಮೇಲೆ ಸುರಿದದ್ದು ಬಚ್ಚಲಿನಿಂದ ಹರಿದು ಹಿತ್ತಲಿನ ಬಾಳೆಬುಡ ಸೇರುತ್ತದೆ. ಹಾಟ್ ಟಬ್ಬಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ 1,100ರಿಂದ 1,900 ಲೀಟರಿನಷ್ಟು ನೀರು ಎರಡು ಮೂರು ತಿಂಗಳು ಅದೇ ತೊಟ್ಟಿಯಲ್ಲಿ, ಹಗಲೂ ರಾತ್ರಿ 38–39 ಡಿಗ್ರಿ ಬಿಸಿಯಲ್ಲಿ ನಿಂತಿರುತ್ತದೆ. ಇವತ್ತು ಕೂತವರ ಬೆವರು ನಾಳೆ ಕೂರುವವರಿಗೂ ಉಳಿದಿರುತ್ತದೆ. ಈ ಅಧ್ಯಾಯದ ಎಲ್ಲ ಮಾತೂ ಇದೊಂದು ಸಂಗತಿಯಿಂದಲೇ ಹುಟ್ಟುತ್ತದೆ. ಟಬ್ಬು ಕೊಳ್ಳುವವರು ಅದರ ಚಿಮ್ಮುಬಾಯಿಗಳನ್ನೂ ಬಣ್ಣದ ದೀಪಗಳನ್ನೂ ಎಣಿಸುತ್ತಾರೆ. ತಾವು ನಿಂತ ನೀರಿನ ಕಾವಲಿಗೆ ಒಪ್ಪಿಕೊಳ್ಳುತ್ತಿದ್ದೇವೆ ಎಂಬುದನ್ನು ಅಂಗಡಿಯವರು ಅವರಿಗೆ ಮೊದಲೇ ತಿಳಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ತೊಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಇಟಲಿಯಿಂದ ವಲಸೆ ಬಂದ ಜಕೂಜಿ ಮನೆತನದ ಏಳು ಅಣ್ಣತಮ್ಮಂದಿರು ಬರ್ಕ್ಲಿಯಲ್ಲಿ ವಿಮಾನದ ಪ್ರೊಪೆಲರ್ ಮಾಡುತ್ತಿದ್ದರು, ವಿಮಾನವನ್ನೂ ಮಾಡಿದರು. 1921ರಲ್ಲಿ ಅವರ ವಿಮಾನ ಬಿದ್ದು ಒಬ್ಬ ಸಹೋದರ ತೀರಿಕೊಂಡ ಮೇಲೆ ಹಾರಾಟದ ಉದ್ಯೋಗ ಬಿಟ್ಟು ಪಂಪುಗಳತ್ತ ಹೊರಳಿದರು. ಆಳದ ಬಾವಿಯಿಂದ ನೀರೆತ್ತುವ ಜೆಟ್ ಪಂಪಿನಿಂದ ಅವರಿಗೆ ಹೆಸರು ಬಂತು. ಸಹೋದರರಲ್ಲಿ ಒಬ್ಬನಾದ ಕ್ಯಾಂಡಿಡೊನ ಮಗ ಕೆನೆತ್‌ಗೆ ಎಳವೆಯಲ್ಲೇ ಸಂಧಿವಾತ ಹಿಡಿಯಿತು. ಆಸ್ಪತ್ರೆಯಲ್ಲಿ ಸುಳಿನೀರಿನ ತೊಟ್ಟಿಯಲ್ಲಿ ಕೂರಿಸಿದಾಗ ಮಗುವಿಗೆ ನೋವು ಇಳಿಯುತ್ತಿತ್ತು. ಅದನ್ನು ಕಂಡ ತಂದೆ 1940ರ ದಶಕದಲ್ಲಿ ಮನೆಯ ಸ್ನಾನದ ತೊಟ್ಟಿಯೊಳಗೇ ಇಳಿಬಿಡಬಹುದಾದ ಪುಟ್ಟ ಪಂಪನ್ನು ಮಾಡಿದ. ಮುಂದಿನ ದಶಕದಲ್ಲಿ ಅದು ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಮನೆತನದ ಮೂರನೆಯ ತಲೆಮಾರಿನ ರಾಯ್ ಜಕೂಜಿ, ಚಿಮ್ಮುಬಾಯಿಗಳನ್ನು ತೊಟ್ಟಿಯ ಗೋಡೆಯಲ್ಲೇ ಕೂರಿಸಿದ. ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ದ್ರಾಕ್ಷಾರಸದ ಹಳೆಯ ಮರದ ಪೀಪಾಯಿಗಳಿಗೆ ಬಿಸಿನೀರು ತುಂಬಿಸಿ ಹಿತ್ತಲಲ್ಲಿ ಕೂರತೊಡಗಿದ್ದರು. ಈಗಿನ ಫೈಬರ್ ಮತ್ತು ಅಕ್ರಿಲಿಕ್ ತೊಟ್ಟಿಗಳಲ್ಲಿ ಈ ಎರಡೂ ಕೂಡಿವೆ.

ನಮ್ಮ ರೈತರಿಗೆ ಪರಿಚಿತವಾದ ಜೆಟ್ ಪಂಪಿನ ಸೂತ್ರವೇ ಟಬ್ಬಿನ ಚಿಮ್ಮುಬಾಯಿಯಲ್ಲೂ ಕೆಲಸ ಮಾಡುತ್ತದೆ. ಅಗಲ ಕೊಳವೆಯ ನೀರು ಕಿರಿದಾದ ಬಾಯಿಗೆ ನುಗ್ಗಿದಾಗ ಅದರ ವೇಗ ಏರಿ ಒತ್ತಡ ಇಳಿಯುತ್ತದೆ. ಆ ಕಡಿಮೆ ಒತ್ತಡ ಪಕ್ಕದ ಸಣ್ಣ ಕೊಳವೆಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಬೆರೆತ ನೀರು ಬೆನ್ನಿಗೆ ಬಡಿಯುವಾಗ ಹಿತವೆನಿಸುತ್ತದೆ. ಆದರೆ ಇದೇ ಗಾಳಿ ನೀರಿನ ರಸಾಯನವನ್ನು ಕೆಡಿಸುತ್ತದೆ. ಅದು ಹೇಗೆಂದು ಮುಂದೆ ನೋಡೋಣ.

ಮೊದಲು ತೂಕದ ಮಾತು, ಏಕೆಂದರೆ ಇಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವೇ ಇಲ್ಲ. 1,500 ಲೀಟರ್ ನೀರೆಂದರೆ 1,500 ಕಿಲೋ. ತೊಟ್ಟಿಯದೂ ಕೂರುವ ಐವರದೂ ಸೇರಿದರೆ 2,200 ಕಿಲೋ ಆಗುತ್ತದೆ. ಎರಡು ಮೀಟರಿಗೆ ತುಸು ಹೆಚ್ಚು ಉದ್ದಗಲದ ಚೌಕದಲ್ಲಿ ಇಷ್ಟು ಭಾರ ಕೂತರೆ ಚದರ ಮೀಟರಿಗೆ ಸುಮಾರು 500 ಕಿಲೋ ಬೀಳುತ್ತದೆ. ನಮ್ಮ ದೇಶದ ಕಟ್ಟಡ ನಿಯಮದಲ್ಲಿ ವಾಸದ ಕೋಣೆಗಳಿಗೆ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ, ಜನ ಹತ್ತಿ ಓಡಾಡುವ ತಾರಸಿಗೆ ಸುಮಾರು 150 ಕಿಲೋ. ಬೆಂಗಳೂರಿನ ತಾರಸಿಯ ಮೇಲೆ ಟಬ್ಬು ಇಡುವ ಆಸೆಯಿದ್ದವರು ಮೊದಲು ಸ್ಟ್ರಕ್ಚರಲ್ ಇಂಜಿನಿಯರರನ್ನು ಕಾಣಬೇಕು. ನೆಲದ ಮೇಲಾದರೆ ಮಟ್ಟವಾದ, ಗಟ್ಟಿ ಕಾಂಕ್ರೀಟು ಹಾಸು ಸಾಕು.

ಕಾಯಿಸುವ ಖರ್ಚನ್ನು ಯಾರಾದರೂ ಲೆಕ್ಕ ಹಾಕಬಹುದು. 15 ಡಿಗ್ರಿಯ 1,500 ಲೀಟರ್ ನೀರನ್ನು 39 ಡಿಗ್ರಿಗೆ ತರಲು ಸುಮಾರು 42 ಯೂನಿಟ್ ವಿದ್ಯುತ್ ಬೇಕು. 5.5 ಕಿಲೋವಾಟ್ ಹೀಟರಿಗೆ ಇದು ಏಳೆಂಟು ಗಂಟೆಯ ಕೆಲಸ. ಒಮ್ಮೆ ಕಾದ ಮೇಲೆ ಬಿಸಿ ಉಳಿಯುವುದೂ ಸೋರುವುದೂ ಮುಚ್ಚಳದ ಮೇಲೆ ನಿಂತಿದೆ. ತೆರೆದ ತೊಟ್ಟಿ ಬಿಸಿ ಕಳೆದುಕೊಳ್ಳುವುದು ಮುಖ್ಯವಾಗಿ ಆವಿಯ ಮೂಲಕ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಅದರ ಜೊತೆ ಒಂದು ಯೂನಿಟ್ಟಿನ ಮೂರನೇ ಎರಡು ಭಾಗದಷ್ಟು ಶಾಖವೂ ಹೋಯಿತು. ಮುಚ್ಚಳದ ಒಳಗಿನ ಫೋಮು ವರ್ಷಗಳು ಕಳೆದಂತೆ ನೀರು ಹೀರಿ ಭಾರವಾಗುತ್ತದೆ. ಎತ್ತಲು ಇಬ್ಬರು ಬೇಕಾದ ದಿನ ಮುಚ್ಚಳ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇನ್ನೊಂದು ಭಯವೂ ಇದೆ. ಚಳಿಗಾಲದಲ್ಲಿ ಕರೆಂಟು ಹೋಗಿ ಪಂಪು ನಿಂತರೆ ಒಳಗಿನ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆಯುತ್ತವೆ.

ಇನ್ನು ನೀರಿನ ವಿಷಯ. ನಾಲ್ವರು ಕೂತ 1,500 ಲೀಟರಿನ ತೊಟ್ಟಿಯಲ್ಲಿ ತಲೆಗೆ 375 ಲೀಟರ್ ನೀರು ಬಂತು. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಈಜುಕೊಳದಲ್ಲಿ ಇದೇ ದಟ್ಟಣೆ ಬರಬೇಕಾದರೆ ಆರೂವರೆ ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಇಳಿಯಬೇಕು! ಸಾಲದ್ದಕ್ಕೆ ಬಿಸಿ ಬೇರೆ. ಬಿಸಿಗೆ ಮೈ ಬೆವರುತ್ತದೆ, ಸತ್ತ ಚರ್ಮ ಬಿಡುತ್ತದೆ, ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಅವನ್ನು ಕೊಲ್ಲಬೇಕಾದ ಕ್ಲೋರಿನ್ನೂ ಬಿಸಿಯಲ್ಲೇ ಬೇಗ ಕರಗಿಹೋಗುತ್ತದೆ. ಹೀಗಾಗಿ ಈಜುಕೊಳದ ಅಳತೆ ಇಲ್ಲಿಗೆ ಸಾಲುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಹಾಟ್ ಟಬ್ಬಿನಲ್ಲಿ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಕ್ಲೋರಿನ್, ಇಲ್ಲವೇ ಕನಿಷ್ಠ 4 ಮಿಲಿಗ್ರಾಂ ಬ್ರೋಮಿನ್ ಇರಬೇಕು; ಬಿಸಿ 40 ಡಿಗ್ರಿ ಮೀರಬಾರದು. ಬ್ರೋಮಿನ್ ಬಿಸಿನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಹಲವರು ಅದನ್ನೇ ನೆಚ್ಚುತ್ತಾರೆ.

ಕ್ಲೋರಿನ್ ಹಾಕಿದ್ದೇನೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ: ಚುರುಕಾದ ಹೈಪೋಕ್ಲೋರಸ್ ಆಮ್ಲ ಮತ್ತು ಮಂದವಾದ ಹೈಪೋಕ್ಲೋರೈಟ್. ಯಾವುದು ಎಷ್ಟಿರಬೇಕು ಎಂದು ತೀರ್ಮಾನಿಸುವುದು ಪಿಎಚ್. ಪಿಎಚ್ 7.5 ಇದ್ದರೆ ಎರಡೂ ಸುಮಾರು ಸಮಪಾಲು. 8ಕ್ಕೆ ಏರಿದರೆ ಚುರುಕಿನ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಡಬ್ಬಿಗಟ್ಟಲೆ ಪುಡಿ ಸುರಿದೂ ನೀರು ಮಬ್ಬಾಗಿದೆ ಎಂದು ಗೋಳಾಡುವ ಮನೆಗಳಲ್ಲಿ ಪಿಎಚ್ ಪರೀಕ್ಷಿಸಿದರೆ ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಚಿಮ್ಮುಬಾಯಿಯ ಗಾಳಿ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡನ್ನು ಹೊರಕ್ಕೆ ಒಯ್ಯುತ್ತದೆ. ಅದು ಹೋದಂತೆಲ್ಲ ಪಿಎಚ್ ಮೇಲಕ್ಕೇರುತ್ತದೆ. ಗುಳ್ಳೆಗಳ ಸುಖ ಹೆಚ್ಚು ಬಯಸಿದಷ್ಟೂ ಪಿಎಚ್ ಇಳಿಸುವ ಒಣ ಆಮ್ಲದ ಖರ್ಚು ಹೆಚ್ಚು.

ಈ ಏರಿಳಿತಕ್ಕೆ ಕಡಿವಾಣ ಹಾಕುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ಒಟ್ಟು ಕ್ಷಾರೀಯತೆ ಎಂದು ಪರೀಕ್ಷೆಯ ಪಟ್ಟಿ ತೋರಿಸುವುದು ಇದನ್ನೇ. ಇದು ಲೀಟರಿಗೆ 80ರಿಂದ 120 ಮಿಲಿಗ್ರಾಂ ಇರಲಿ. ಕಡಿಮೆಯಾದರೆ ಅಡುಗೆ ಸೋಡಾವೇ ಸಾಕು. ಮೊದಲು ಇದನ್ನು ಸರಿಮಾಡಿ ಆಮೇಲೆ ಪಿಎಚ್ ಮುಟ್ಟಬೇಕು. ಕ್ರಮ ತಿರುವುಮುರುವಾದರೆ ಎರಡೂ ಕೈಗೆ ಸಿಗುವುದಿಲ್ಲ. ನೀರಿನ ಗಡಸುತನ 150ರಿಂದ 250ರೊಳಗಿದ್ದರೆ ಒಳ್ಳೆಯದು. ಕೋಲಾರದ, ಬೆಂಗಳೂರಿನ ಬೋರ್‌ವೆಲ್ ನೀರು ಬಳಸಿದವರಿಗೆ ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಸುಣ್ಣದ ಪರಿಚಯ ಚೆನ್ನಾಗಿಯೇ ಇದೆ. ಬಿಸಿ ಏರಿದಂತೆ ಆ ಸುಣ್ಣ ಕರಗಿರಲಾರದು; ಹಾಗಾಗಿ ಎಲ್ಲಕ್ಕಿಂತ ಬಿಸಿಯಾದ ಹೀಟರಿನ ಮೇಲೇ ಮೊದಲು ಕೂರುತ್ತದೆ. ತೀರಾ ಮೆದು ನೀರೂ ಬೇಡ, ಅದು ಲೋಹವನ್ನು ಕೊರೆಯುತ್ತದೆ.

ಕಣ್ಣು ಉರಿಸುವ ಘಾಟು ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಎಂದು ಬಹಳ ಜನ ನಂಬಿದ್ದಾರೆ. ಆ ವಾಸನೆ ಸಾಮಾನ್ಯವಾಗಿ ಬೆವರು ಮತ್ತು ಮೂತ್ರದ ಅಂಶಗಳೊಂದಿಗೆ ಸೇರಿ ಸವೆದುಹೋದ ಕ್ಲೋರಿನ್ನಿನದು, ಅಂದರೆ ಕ್ಲೋರಮೈನಿನದು. ಆಗ ಮುಚ್ಚಳ ತೆರೆದು, ಪಂಪು ಓಡಿಸಿ, ಒಮ್ಮೆಲೇ ಹೆಚ್ಚು ಪ್ರಮಾಣದ ಕ್ಲೋರಿನ್ ಹಾಕಿ ಸೇರಿದ ಕೊಳೆಯನ್ನು ಸುಡಬೇಕು. ಅಳತೆ ಮತ್ತೆ ಸರಿಯಾದ ಮಿತಿಗೆ ಇಳಿಯುವವರೆಗೆ ಯಾರೂ ಇಳಿಯಬಾರದು.

ಇಷ್ಟೆಲ್ಲ ಕಾಳಜಿ ಯಾಕೆ ಎಂಬುದಕ್ಕೆ 1999ರ ಒಂದು ದುರಂತ ನೋಡಿ. ನೆದರ್‌ಲ್ಯಾಂಡ್ಸಿನ ಬೋವೆನ್‌ಕಾರ್ಸ್ಪೆಲ್‌ನಲ್ಲಿ ಹೂವಿನ ಮೇಳ ನಡೆದಿತ್ತು. ಅಲ್ಲಿ ಮಾರಾಟಕ್ಕೆಂದು ಪ್ರದರ್ಶನಕ್ಕಿಟ್ಟ ಸುಳಿನೀರಿನ ತೊಟ್ಟಿಯಿಂದ ಎದ್ದ ಹನಿಗಳಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇತ್ತು. ತೊಟ್ಟಿಯಲ್ಲಿ ಕೂರದೆ, ಬರಿದೇ ಹತ್ತಿರ ಹಾದುಹೋಗಿ ಉಸಿರೆಳೆದುಕೊಂಡವರಿಗೆ ತೀವ್ರ ನ್ಯುಮೋನಿಯಾ ಬಂತು. ಮೂವತ್ತಕ್ಕೂ ಹೆಚ್ಚು ಜನ ಸತ್ತರು. 1976ರಲ್ಲಿ ಫಿಲಡೆಲ್ಫಿಯಾದ ಮಾಜಿ ಸೈನಿಕರ ಸಮ್ಮೇಳನದಲ್ಲಿ ಮೊದಲು ಗುರುತಿಗೆ ಬಂದ ಕಾಯಿಲೆಯೇ ಇದು. 25ರಿಂದ 45 ಡಿಗ್ರಿ ಬಿಸಿ ಆ ಜೀವಿಗೆ ಒಗ್ಗುತ್ತದೆ. ನಮ್ಮ ಟಬ್ಬಿನ ಬಿಸಿಯೂ ಅದರೊಳಗೇ ಬರುತ್ತದೆ. ಇದಕ್ಕಿಂತ ಸಾಮಾನ್ಯವಾದದ್ದು ಸ್ಯೂಡೊಮೊನಾಸ್ ತರುವ ಚರ್ಮದ ತುರಿಕೆ. ಕೂದಲಬುಡದಲ್ಲಿ ಕೆಂಪು ಗುಳ್ಳೆಗಳು, ಹೆಚ್ಚಾಗಿ ಸ್ನಾನದ ಉಡುಪು ಮುಚ್ಚಿದ ಕಡೆ. ಬಹುಪಾಲು ತಾನಾಗಿ ಮಾಯುತ್ತದೆ, ಆದರೆ ನೀರು ಕೆಟ್ಟಿದೆ ಎಂಬ ಎಚ್ಚರಿಕೆ ಅದು.

ಈ ಬ್ಯಾಕ್ಟೀರಿಯಾ ಕೊಳವೆಗಳ ಒಳಗೋಡೆಗೆ ಲೋಳೆಯ ಪದರ ಕಟ್ಟಿಕೊಂಡು ಬದುಕುತ್ತವೆ. ಮೇಲಿನ ನೀರು ತಿಳಿಯಾಗಿ ಕಂಡರೂ ಲೋಳೆಯ ಒಳಕ್ಕೆ ಕ್ಲೋರಿನ್ ಸುಲಭವಾಗಿ ಇಳಿಯದು. ಆದ್ದರಿಂದ ನೀರು ಬದಲಿಸುವ ಮುನ್ನ ಕೊಳವೆ ತೊಳೆಯುವ ದ್ರಾವಣ ಹಾಕಿ ಪಂಪು ಓಡಿಸಬೇಕು. ಮಡಿಕೆ ಮಡಿಕೆಯಾಗಿರುವ ಫಿಲ್ಟರನ್ನು ವಾರಕ್ಕೋ ಎರಡು ವಾರಕ್ಕೋ ಬಿಚ್ಚಿ, ಮಡಿಕೆಗಳ ನಡುವೆ ನೀರು ಹಾಯಿಸಿ ತೊಳೆಯಬೇಕು. ಆಗಾಗ ಫಿಲ್ಟರ್ ತೊಳೆಯುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿಡಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಇಳಿಯುವ ಮುನ್ನ ಸ್ನಾನ ಮಾಡುವುದು. ಜಪಾನಿನ ಮನೆಗಳಲ್ಲಿ ಈಗಲೂ ಹೊರಗೆ ಕೂತು ಸೋಪು ಹಚ್ಚಿ, ಪೂರ್ತಿ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಕಾಲಿಡುತ್ತಾರೆ. ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಕೂರುವುದು ಸಾಧ್ಯವಾಗಿರುವುದೇ ಹೀಗೆ. ಕ್ಯಾಲಿಫೋರ್ನಿಯಾದ ಹಿತ್ತಲಲ್ಲಿ ಟಬ್ಬು ಇಟ್ಟುಕೊಂಡ ಕನ್ನಡದ ಮನೆಗಳು ದೀಪಾವಳಿಯ ಹರಳೆಣ್ಣೆಯನ್ನು ಟಬ್ಬಿನಿಂದ ದೂರವಿಡಬೇಕು. ತಲೆಗೆ, ಮೈಗೆ ಹಚ್ಚಿದ ಎಣ್ಣೆ ಕ್ಲೋರಿನ್ನನ್ನು ತಿನ್ನುತ್ತದೆ, ನೀರಿನ ಗೆರೆಯಲ್ಲಿ ಜಿಡ್ಡಿನ ಉಂಗುರ ಕಟ್ಟುತ್ತದೆ, ಫಿಲ್ಟರನ್ನು ಮುಚ್ಚುತ್ತದೆ. ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿಯಿಂದ ನೊರೆ ಏಳುತ್ತದೆ.

ಜೀವದ ಪ್ರಶ್ನೆಗಳು ಇನ್ನೂ ಇವೆ. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಬಾಲೆ ವರ್ಜೀನಿಯಾ ಗ್ರೇಮ್ ಬೇಕರ್ ಹಾಟ್ ಟಬ್ಬಿನ ತಳದ ತೂಬಿನ ಸೆಳೆತಕ್ಕೆ ಸಿಕ್ಕಿಬಿದ್ದಳು. ತಾಯಿ ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ, ಮಗು ಉಳಿಯಲಿಲ್ಲ. ಸೆಳೆತ ತಡೆಯುವ ತೂಬಿನ ಮುಚ್ಚಳಗಳನ್ನು ಕಡ್ಡಾಯ ಮಾಡಿದ 2007ರ ಕಾಯಿದೆಗೆ ಆ ಮಗುವಿನ ಹೆಸರಿದೆ. ಒಡೆದ ಅಥವಾ ಸಡಿಲಾದ ತೂಬಿನ ಮುಚ್ಚಳವಿರುವ ತೊಟ್ಟಿಗೆ ಒಂದು ಕ್ಷಣಕ್ಕೂ ಯಾರೂ ಇಳಿಯಬಾರದು. ಬಳಸದಾಗ ಮೇಲಿನ ಮುಚ್ಚಳಕ್ಕೆ ಬೀಗ ಇರಲಿ. ಗರ್ಭಿಣಿಯರು ಮತ್ತು ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕೂರಬಾರದು. ಬಿಸಿಗೆ ರಕ್ತನಾಳಗಳು ಅರಳಿ ರಕ್ತದೊತ್ತಡ ಇಳಿಯುವುದರಿಂದ ಆರೋಗ್ಯವಂತರಿಗೂ ಹದಿನೈದು ಇಪ್ಪತ್ತು ನಿಮಿಷ ಸಾಕು. ಕುಡಿದು ಇಳಿಯುವುದು ಸಾವಿಗೆ ದಾರಿ.

ನೀರು, ಬರಿ ಮೈ, ವಿದ್ಯುತ್ ಮೂರೂ ಒಂದೆಡೆ ಸೇರಿದಲ್ಲಿ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸಾಧನ ಇರಲೇಬೇಕು. ಕೆಲವೇ ಮಿಲಿಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಇಂಥ ಸಾಧನವನ್ನು 1961ರಲ್ಲಿ ರೂಪಿಸಿದವರು ಚಾರ್ಲ್ಸ್ ಡಾಲ್ಜಿಯಲ್, ಅದೇ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ. ನಮ್ಮಲ್ಲಿ ಆರ್‌ಸಿಸಿಬಿ ಎಂದು ಸಿಗುವುದೂ ಇದೇ ಜಾತಿಯದು. ರಾಸಾಯನಿಕಗಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಬ್ಲೀಚಿಂಗ್ ಪೌಡರಿಗೆ ಆಮ್ಲ ತಾಗಿದರೆ ವಿಷಗಾಳಿ ಏಳುತ್ತದೆ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿಗಳನ್ನು ಬೆರೆಸಿದರೆ ಬೆಂಕಿಯೂ ಹೊತ್ತಬಹುದು. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು.

ಎಷ್ಟೇ ಜೋಪಾನ ಮಾಡಿದರೂ ಉಪ್ಪು, ಕೊಳೆ, ಕ್ಲೋರಿನ್ ಪುಡಿಯ ಜೊತೆ ಬರುವ ಸಯನೂರಿಕ್ ಆಮ್ಲ ನೀರಿನಲ್ಲಿ ಸೇರುತ್ತಲೇ ಹೋಗುತ್ತವೆ. ಆ ಆಮ್ಲ ಹೆಚ್ಚಾದಷ್ಟೂ ಕ್ಲೋರಿನ್ ಮಂದವಾಗುತ್ತದೆ, ಅದನ್ನು ತೆಗೆಯಲು ನೀರು ಬದಲಿಸುವುದೊಂದೇ ದಾರಿ. ತೊಟ್ಟಿಯ ಲೀಟರುಗಳನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಕೂರುವವರ ಸಂಖ್ಯೆಯಿಂದ ಭಾಗಿಸಿದರೆ ನೀರು ಎಷ್ಟು ದಿನ ಬಾಳುತ್ತದೆ ಎಂದು ಗೊತ್ತಾಗುತ್ತದೆ. 1,500 ಲೀಟರಿನಲ್ಲಿ ದಿನಾ ಇಬ್ಬರು ಕೂತರೆ ಎರಡು ತಿಂಗಳ ಮೇಲೊಂದು ವಾರ. ಖಾಲಿ ಮಾಡುವ ಮೊದಲು ಬ್ರೇಕರ್ ಆರಿಸಿ, ಏಕೆಂದರೆ ನೀರಿಲ್ಲದ ಹೀಟರ್ ಸುಟ್ಟುಹೋಗುತ್ತದೆ. ಹಳೆಯ ನೀರನ್ನು ಕೆರೆಗಾಗಲಿ ರಾಜಕಾಲುವೆಗಾಗಲಿ ಬಿಡಬೇಡಿ, ಮನೆಯ ಒಳಚರಂಡಿಗೆ ಬಿಡಿ. ಹೊಸ ನೀರಿನ ಪೈಪನ್ನು ಫಿಲ್ಟರಿನ ಗೂಡಿನೊಳಗಿಟ್ಟು ತುಂಬಿಸಿದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಕ್ಷಾರೀಯತೆ, ಪಿಎಚ್, ಕೊನೆಗೆ ಕ್ಲೋರಿನ್. ಒಂದೊಂದು ಹಾಕಿದ ಮೇಲೂ ಪಂಪು ಓಡಿಸಿ, ಪರೀಕ್ಷೆಯ ಪಟ್ಟಿ ಅದ್ದಿ ನೋಡಿ ಮುಂದಿನದಕ್ಕೆ ಹೋಗಿ. ಸಂಜೆ ಹೀಟರ್ ಹಾಕಿದರೆ ಮರುದಿನ ಬೆಳಿಗ್ಗೆಗೆ ನೀರು ಸಿದ್ಧ.