ಹೊಲ ಕಾಯುವ ಬಂದೂಕು

ಕರ್ನಾಟಕದ ರೈತನ ಮನೆಯಲ್ಲಿ ಬಂದೂಕು ಇದ್ದರೆ ಅದು ಸಾಮಾನ್ಯವಾಗಿ ಎರಡರಲ್ಲಿ ಒಂದು ಬಗೆಯದು. ಒಂದು, ನಳಿಗೆಯ ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೇಪಿನ ಬಂದೂಕು. ಮಲೆನಾಡಿನವರಿಗೆ ಇದು ಕೇಪಿನ ಕೋವಿ. ಇನ್ನೊಂದು, ನಳಿಗೆಯನ್ನು ಬುಡದಲ್ಲಿ ಮಡಚಿ ತೋಟೆ ಹಾಕುವ ಒಂಟಿನಳಿಗೆ ಅಥವಾ ಜೋಡುನಳಿಗೆಯ ಬಂದೂಕು. ಲೈಸೆನ್ಸ್ ಪುಸ್ತಕದಲ್ಲಿ ಇವು ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್ ಎಂಬ ಅಕ್ಷರಗಳಾಗಿ ಕೂರುತ್ತವೆ.

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬಲೂರು ಏಕಾಂತದ ರಾಮಯ್ಯನ ಶಾಸನದಿಂದಲೂ ಸರ್ವಜ್ಞನ ಹೆಸರಿನಿಂದಲೂ ನಾಡಿಗೆ ಪರಿಚಿತ. ಬಂದೂಕಿನ ಮಾತಿಗೆ ಬೇಕಾದದ್ದು ಮಾತ್ರ ಊರಿನ ಸುತ್ತಲಿನ ಹೊಲ. ಮಲೆನಾಡಿನ ಸೆರಗು ಮುಗಿದು ಬಯಲು ತೆರೆದುಕೊಳ್ಳುವ ಈ ಭಾಗದಲ್ಲಿ ಗೋವಿನಜೋಳ ಮತ್ತು ಹತ್ತಿ ಮುಖ್ಯ ಬೆಳೆಗಳು. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಇಳಿಯುವುದು ಜಿಲ್ಲೆಯ ರೈತರಿಗೆಲ್ಲ ಗೊತ್ತಿರುವ ಸಂಗತಿ. ಪಕ್ಕದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪನೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅಭಯಾರಣ್ಯದ ಗಡಿ ಎಲ್ಲಿ ಮುಗಿಯುತ್ತದೆಂದು ಜಿಂಕೆಗೆ ಯಾರೂ ಹೇಳಿಕೊಟ್ಟಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಇಂಥ ಹೊಲವನ್ನು ಗಮನದಲ್ಲಿಟ್ಟುಕೊಂಡೇ ಒಂದು ದಾರಿ ಬಿಟ್ಟಿದೆ. ಬೆಳೆ ರಕ್ಷಣೆಗೆ ನಿಜವಾಗಿ ಬೇಕೆಂದು ಕೇಳುವ ರೈತನಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಬಾಯಿಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿ ಕೊಡಬೇಕು ಎನ್ನುತ್ತದೆ ಅದರ 13ನೇ ಕಲಂ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಬಂದೂಕಿಗೂ ಅನುಮತಿ ಸಿಗಬಹುದು. ಅದರ ನಳಿಗೆ 20 ಇಂಚಿಗಿಂತ ಮೋಟಾಗಿರಬಾರದು, ಒಳಮೈ ನುಣುಪಾಗಿರಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ವರದಿ ಪೊಲೀಸರಿಂದ. ಬಂದೂಕನ್ನು ಜೋಪಾನವಾಗಿ ಇಡಲು ಮನೆಯಲ್ಲಿ ಜಾಗ ಇದೆಯೆಂದು ತೋರಿಸಬೇಕು. ಪರವಾನಗಿಯ ಅವಧಿ ಹಿಂದೆ ಮೂರು ವರ್ಷವಿತ್ತು. 2019ರ ತಿದ್ದುಪಡಿಯಿಂದ ಐದಾಯಿತು. ಅದೇ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಪರವಾನಗಿ ಸಿಕ್ಕಿತೆಂದರೆ ಹಂದಿ ಹೊಡೆಯಬಹುದು ಎಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದ ಬೇಟೆ ಅಪರಾಧ. ಹೀಗಾಗಿ ಹೊಲದ ಬಂದೂಕಿನ ನಿಜವಾದ ಕೆಲಸ ಸದ್ದು ಮಾಡುವುದು. ಹಂದಿ ಬೆದರಿ ಓಡಿದರೆ ಅಷ್ಟಕ್ಕೇ ಅದರ ಕಸುಬು ಮುಗಿಯಿತು. ಪಟಾಕಿಯೂ ತಮಟೆಯೂ ಮಾಡುವ ಕೆಲಸಕ್ಕೆ ಇಷ್ಟು ಕಾಗದಪತ್ರ ಬೇಕೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಕೆಲವು ಕಡೆ ಕದ್ದು ಇಡುವ ಸಿಡಿಮದ್ದಿನ ಉಂಡೆಗಳು ಹಂದಿಯ ಜೊತೆಗೆ ಮೇಯಲು ಹೋದ ದನದ ಬಾಯನ್ನೂ ಸೀಳುತ್ತವೆ. ಅದರ ಮುಂದೆ ಲೆಕ್ಕಕ್ಕೆ ಸಿಗುವ ಬಂದೂಕೇ ಮೇಲು.

ಕೇಪಿನ ಬಂದೂಕಿನ ರಚನೆ ಸರಳ. ಉದ್ದನೆಯ ಕಬ್ಬಿಣದ ನಳಿಗೆ, ಅದನ್ನು ಹೊತ್ತ ಮರದ ಹಿಡಿ, ಪಕ್ಕದಲ್ಲಿ ಸ್ಪ್ರಿಂಗಿನ ಬಲದಿಂದ ಬಡಿಯುವ ಕುದುರೆ, ಕುದುರೆಯ ಏಟು ಬೀಳುವಲ್ಲಿ ಕೇಪು ಕೂರುವ ಸಣ್ಣ ತೊಟ್ಟು. ಕೇಪು ಸಿಡಿದ ಕಿಡಿ ತೊಟ್ಟಿನ ತೂತಿನಿಂದ ಒಳಗಿನ ಕರಿಮದ್ದಿಗೆ ತಾಗುತ್ತದೆ. ಏಟಿಗೆ ಸಿಡಿಯುವ ರಾಸಾಯನಿಕದಿಂದ ಬಂದೂಕು ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೊರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಅದಕ್ಕಿಂತ ಹಿಂದಿನ ಚಕಮಕಿ ಕಲ್ಲಿನ ಬಂದೂಕಿಗೆ ಮಳೆಯಲ್ಲಿ ಬೆಲೆಯಿರಲಿಲ್ಲ. ಕೇಪು ಬಂದ ಮೇಲೆ ಬಂದೂಕು ಮಳೆನಾಡಿಗೂ ಹೊಂದಿಕೊಂಡಿತು.

ತೋಟೆ ಬಂದೂಕಿನಲ್ಲಿ ಕೇಪು, ಮದ್ದು, ಚರೆ ಎಲ್ಲವೂ ಒಂದೇ ಕೊಳವೆಯೊಳಗೆ ಸಿದ್ಧವಾಗಿರುತ್ತವೆ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು 12 ಬೋರು. ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆ ಎಂಬ ಹಳೆಯ ಲೆಕ್ಕದಿಂದ ಈ ಅಂಕಿ ಬಂದಿದೆ. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು: 12 ಬೋರಿನ ಒಳ ಅಗಲ ಸುಮಾರು 18.5 ಮಿಲಿಮೀಟರ್, 20 ಬೋರಿನದು ಅದಕ್ಕಿಂತ ಕಡಿಮೆ. ಒಂದು ದೊಡ್ಡ ಅಪಾಯ ಇಲ್ಲಿಯೇ ಇದೆ. 20 ಬೋರಿನ ತೋಟೆ 12 ಬೋರಿನ ನಳಿಗೆಯೊಳಗೆ ಜಾರಿ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ತೋಟೆ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. 20 ಬೋರಿನ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಕಾರಣಕ್ಕೆ.

ಬಂದೂಕಿನ ಆಯುಷ್ಯ ಹೊಡೆತದಿಂದ ಸವೆಯುವುದಕ್ಕಿಂತ ಹೆಚ್ಚಾಗಿ ತುಕ್ಕಿನಿಂದ ಸವೆಯುತ್ತದೆ. ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಾತ್ರಿ ಹೊಡೆದು ಬೆಳಿಗ್ಗೆ ನೋಡಿಕೊಂಡರಾಯಿತು ಎಂದು ಗೋಡೆಗೆ ಒರಗಿಸಿದರೆ, ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪು ಹೂವು ಎದ್ದಿರುತ್ತದೆ. ಈ ಮಸಿಗೆ ಎಣ್ಣೆ ಮದ್ದಲ್ಲ, ಬಿಸಿನೀರೇ ಮದ್ದು. ಕಬ್ಬಿಣಕ್ಕೆ ನೀರು ತಾಗಿಸುವುದೆಂದರೆ ಹೊಸಬರು ಹೆದರುತ್ತಾರೆ. ಆದರೆ ಮಸಿಯಲ್ಲಿರುವ ಉಪ್ಪು ಕರಗುವುದು ನೀರಿನಲ್ಲಿ ಮಾತ್ರ. ಬಿಸಿನೀರಿನಿಂದ ತೊಳೆದ ನಳಿಗೆ ತನ್ನ ಕಾವಿಗೇ ಬೇಗ ಒಣಗುತ್ತದೆ. ಆಮೇಲೆ ಗಜಕ್ಕೆ ಒಣಬಟ್ಟೆ ಸುತ್ತಿ ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಬೇಕು, ಕೊನೆಗೆ ಎಣ್ಣೆಯ ತೆಳು ಲೇಪ ಕೊಡಬೇಕು. ತೆಳು ಎಂಬುದೇ ಮುಖ್ಯ. ಹೆಚ್ಚಾದ ಎಣ್ಣೆ ತೊಟ್ಟಿನ ತೂತಿಗೆ ಇಳಿದು ಮದ್ದನ್ನು ನೆನೆಸುತ್ತದೆ, ಕೆಳಕ್ಕೆ ಹರಿದು ಹಿಡಿಯ ಮರವನ್ನು ಮೆತ್ತಗಾಗಿಸುತ್ತದೆ.

ಆದರೆ ಈ ಎಲ್ಲಕ್ಕೂ ಮೊದಲು ಬಂದೂಕು ಖಾಲಿ ಇದೆಯೇ ಎಂದು ನೋಡುವ ಕೆಲಸವಿದೆ. ತೋಟೆ ಬಂದೂಕನ್ನು ಮಡಚಿದರೆ ಸಾಕು, ಕಣ್ಣಿಗೆ ಕಾಣುತ್ತದೆ. ಕೇಪಿನ ಬಂದೂಕು ಹಾಗಲ್ಲ. ಹೊರಗಿನಿಂದ ತುಂಬಿದ್ದೂ ಖಾಲಿಯೂ ಒಂದೇ. ಹಿಂದಿನ ಮಾಲೀಕ ಈಡು ತುಂಬಿ ಮರೆತು ಅಟ್ಟಕ್ಕೇರಿಸಿದ ಬಂದೂಕು ವರ್ಷಗಳ ನಂತರವೂ ಸಿಡಿಯಬಲ್ಲದು. ಗಜವನ್ನು ಬಾಯಿಯಿಂದ ಇಳಿಬಿಟ್ಟು, ಅದು ಎಷ್ಟು ಒಳಹೋಯಿತೆಂದು ಗುರುತಿಟ್ಟು, ಹೊರಗೆ ನಳಿಗೆಯ ಪಕ್ಕ ಹಿಡಿದು ಅಳೆಯುವುದು ಹಳೆಯ ಪರೀಕ್ಷೆ. ಬುಡದವರೆಗೆ ಹೋಗದಿದ್ದರೆ ಒಳಗೆ ಏನೋ ಇದೆ. ಆ ಏನೋ ಮದ್ದೇ ಆಗಬೇಕೆಂದಿಲ್ಲ. ಕುಂಬಾರ ಹುಳುವಿಗೆ ಬಂದೂಕಿನ ನಳಿಗೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಅದು ಕಟ್ಟಿದ ಮಣ್ಣಿನ ಗೂಡು ಒಣಗಿ ಗಟ್ಟಿಯಾದ ಮೇಲೆ ನೋಡದೆ ಹೊಡೆದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ.

ತೋಟೆ ಬಂದೂಕಿಗೆ ಇನ್ನೂ ಕೆಲವು ಆರೈಕೆಗಳಿವೆ. ನಳಿಗೆ ಮಡಚುವ ಕೀಲಿಗೆ ಚೂರು ಗ್ರೀಸು ಬೇಕು. ಕುದುರೆಯನ್ನು ಖಾಲಿಯಾಗಿ ಮತ್ತೆ ಮತ್ತೆ ಬಿಡುವ ಚಾಳಿಯಿಂದ ಒಳಗಿನ ಸೂಜಿ ಮುರಿಯುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡುವುದು ಗೌರವದಂತೆ ಕಾಣುತ್ತದೆ, ಆದರೆ ಚರ್ಮ ತೇವ ಹಿಡಿಯುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದು ಮಾಡಿದ ಹಳೆಯ ಡಮಾಸ್ಕಸ್ ನಳಿಗೆಗಳ ಮೈಮೇಲೆ ಸೊಗಸಾದ ಗೆರೆಗಳಿರುತ್ತವೆ. ಅವು ಕರಿಮದ್ದಿನ ಕಾಲದವು. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ತಡೆಯುವ ಭರವಸೆಯಿಲ್ಲ. ಅಂಥದ್ದನ್ನು ನೋಡಿ ಖುಷಿಪಡುವುದು ಸಾಕು, ಹೊಡೆಯುವುದು ಬೇಡ.

ಅಮೆರಿಕದಲ್ಲಿ ಬಂದೂಕಿನ ಹವ್ಯಾಸಕ್ಕೆ ಬೇರೆಯೇ ರೂಪವಿದೆ. ಅಲ್ಲಿ ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಅರೆ ಸ್ವಯಂಚಾಲಿತ ರೈಫಲ್ ಜೋಡಿಸುವವರು, ನಳಿಗೆ, ಹಿಡಿ, ದುರ್ಬೀನು ಬದಲಿಸಿ ತಮಗೆ ಬೇಕಾದಂತೆ ತಿದ್ದಿಕೊಳ್ಳುವವರು ಬಹಳ. ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಎಆರ್-15 ಈ ಹವ್ಯಾಸದ ಕೇಂದ್ರ. ಅರೆ ಸ್ವಯಂಚಾಲಿತ ಎಂದರೆ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು. ಆದರೆ ಆ ಗುಂಡಿನ ಅನಿಲದ ಅಥವಾ ಹಿನ್ನೂಕಿನ ಬಲವೇ ಖಾಲಿ ತೋಟೆಯನ್ನು ಹೊರಗೆಸೆದು ಮುಂದಿನದನ್ನು ಒಳಗೆ ಕೂರಿಸುತ್ತದೆ. ಭಾರತದ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಾಣುತ್ತಿದ್ದ, ಇಛಾಪುರದ ಕಾರ್ಖಾನೆಯ ಎಸ್‌ಎಲ್‌ಆರ್ ಈ ಜಾತಿಯದು.

ಇಲ್ಲಿ ಅಂಥ ಹವ್ಯಾಸಕ್ಕೆ ಜಾಗವೇ ಇಲ್ಲ. ಅರೆ ಸ್ವಯಂಚಾಲಿತ ರೈಫಲ್ ಸಾಮಾನ್ಯ ನಾಗರಿಕನ ಪರವಾನಗಿಗೆ ಸಿಗುವ ವಸ್ತುವಲ್ಲ. ಬಂದೂಕು ತಯಾರಿಸುವುದಿರಲಿ, ಬೇರೆಯವರ ಬಂದೂಕನ್ನು ದುರಸ್ತಿ ಮಾಡಿಕೊಡುವ ಕಸುಬಿಗೂ ಕಾಯ್ದೆಯ 5ನೇ ಕಲಮಿನಂತೆ ಪ್ರತ್ಯೇಕ ಪರವಾನಗಿ ಬೇಕು. ನಳಿಗೆಯನ್ನು ಮೋಟು ಮಾಡುವುದು, ಆಟಿಕೆಯ ಬಂದೂಕನ್ನು ಹೊಡೆಯುವ ಬಂದೂಕಾಗಿಸುವುದು, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದು 6ನೇ ಕಲಮಿನಡಿ ಅಪರಾಧ. ನಿಷೇಧಿತ ಶಸ್ತ್ರ ತಯಾರಿಸಿದರೆ 2019ರ ನಂತರ ಕನಿಷ್ಠ 10 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಮದುವೆ ಮೆರವಣಿಗೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ಗಾಳಿಯಲ್ಲಿ ಗುಂಡು ಹಾರಿಸಿದರೂ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒರೆಸುವುದು, ಎಣ್ಣೆ ಹಚ್ಚುವುದು, ಹೆಗಲಿಗೆ ಪಟ್ಟಿ ಕಟ್ಟಿಕೊಳ್ಳುವುದು ಮಾಲೀಕನ ಪಾಲು. ಕೀಲು ಸಡಿಲವಾದರೆ ಪರವಾನಗಿಯುಳ್ಳ ಅಂಗಡಿಯ ಪಾಲು. ರೈಫಲ್‌ಗಳನ್ನು ರೂಪಿಸುವ, ಹಳೆಯವನ್ನು ತಿದ್ದಿ ಸುಧಾರಿಸುವ ಕೆಲಸ ಕರ್ನಾಟಕದಲ್ಲೂ ನಡೆಯುತ್ತದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಅದನ್ನೇ ಮಾಡುತ್ತದೆ. ಆದರೆ ಅದರ ಗಿರಾಕಿ ಸೇನೆ ಮತ್ತು ಭದ್ರತಾ ಪಡೆಗಳು.

ಈ ಬಿಗಿಯ ಹಿಂದೆ ಈ ಭಾಗದ್ದೇ ಚರಿತ್ರೆಯಿದೆ. 1857ರ ದಂಗೆಯ ವರ್ಷ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾನೂನು ತಂದು, ಆಯುಧಗಳನ್ನು ಒಪ್ಪಿಸಬೇಕೆಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಜೀವನವಾಗಿತ್ತು; ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್. 1878ರಲ್ಲಿ ಬಂದ ಶಸ್ತ್ರಾಸ್ತ್ರ ಕಾಯ್ದೆ ಈ ನೀತಿಯನ್ನು ದೇಶಕ್ಕೆಲ್ಲ ಗಟ್ಟಿ ಮಾಡಿತು. ಸ್ವತಂತ್ರ ಭಾರತದ 1959ರ ಕಾಯ್ದೆ ಅದರ ಜಾಗದಲ್ಲಿ ಬಂದರೂ ಪರವಾನಗಿಯ ಕಟ್ಟು ಸಡಿಲವಾಗಲಿಲ್ಲ.

ಹಲಗಲಿ ಸುಟ್ಟ ನಾಲ್ಕು ವರ್ಷದೊಳಗೆ, ಇಂದಿನ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಅದೇ ಸರ್ಕಾರ ತದ್ವಿರುದ್ಧ ಆಜ್ಞೆ ಹೊರಡಿಸಿತು. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಅವರ ನಿಷ್ಠೆಗೆ ಕೊಟ್ಟ ಬಹುಮಾನ ಅದು. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಈ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರಿಗೆ ಬಂದೂಕು ಎಂದರೆ ತೋಕ್. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ, ನಾಟಿಯ ಕೆಲಸ ಮುಗಿದ ಬಿಡುವಿನಲ್ಲಿ, ಆಯುಧಗಳನ್ನೆಲ್ಲ ಒರೆಸಿ ತೋಕ್‌ಪೂ ಎಂಬ ಹೂವು ಮುಡಿಸಿ ಪೂಜಿಸುತ್ತಾರೆ. ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಸುಗ್ಗಿಯ ಪುತ್ತರಿ ಹಬ್ಬದಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು ಗುಂಡು ಹಾರಿಸುತ್ತಾರೆ. ಹಾವೇರಿಯ ಕಡೆ ಮಹಾನವಮಿಯ ಆಯುಧಪೂಜೆಯಲ್ಲಿ ಕುಡ, ಕುಡಗೋಲು, ಟ್ರ್ಯಾಕ್ಟರಿನ ಸಾಲಿಗೆ ಬಂದೂಕೂ ಸೇರಬಹುದು, ಅಷ್ಟೇ.

ಗುರಿ ಹೊಡೆಯುವ ಆಸೆಯಷ್ಟೇ ಇದ್ದವರಿಗೆ ಪರವಾನಗಿಯ ಗೋಜಿಲ್ಲದ ದಾರಿ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿಲಿಮೀಟರ್ ಮೀರದ ನಳಿಗೆಯ, 20 ಜೂಲ್ ದಾಟದ ಶಕ್ತಿಯ ಗಾಳಿ ಬಂದೂಕಿಗೆ ಪರವಾನಗಿ ಬೇಡ. ಒಲಿಂಪಿಕ್ಸಿನ 10 ಮೀಟರ್ ಸ್ಪರ್ಧೆಯೂ ಇದೇ ಅಳತೆಯದರಲ್ಲಿ ನಡೆಯುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಹಿಡಿಯನ್ನು ಕೈಗೆ ಒಪ್ಪುವಂತೆ ತಿದ್ದಿಕೊಳ್ಳುವುದು, ಟ್ರಿಗರಿನ ಬಿಗಿ ಹೊಂದಿಸುವುದು, ಕೆನ್ನೆ ಆನಿಸುವ ಭಾಗವನ್ನು ಏರಿಳಿಸುವುದು ಈ ಕ್ರೀಡೆಯಲ್ಲಿ ನಿಯಮದೊಳಗೇ ಇವೆ. ಬಂದೂಕನ್ನು ತನ್ನದಾಗಿ ರೂಪಿಸಿಕೊಳ್ಳುವ ಹವ್ಯಾಸಕ್ಕೆ ಈ ನೆಲದಲ್ಲಿ ಉಳಿದಿರುವ ಬಾಗಿಲು ಇದೊಂದೇ ಎನ್ನಬಹುದು.

ಹೊಲದ ಬಂದೂಕಿಗೆ ಮನೆಯಿಂದ ಹೊರಗೂ ಒಂದು ಬದುಕಿದೆ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಗೆ ಜಮಾ ಮಾಡುವಂತೆ ಆದೇಶ ಬರುತ್ತದೆ. ರಸೀದಿ ಜೋಪಾನ ಮಾಡಿ, ಫಲಿತಾಂಶದ ನಂತರ ಬಿಡಿಸಿಕೊಳ್ಳಬೇಕು. ಬೆಳೆ ಕಾಯುವ ದಿನಗಳಲ್ಲೇ ಚುನಾವಣೆ ಬಂದರೆ ರೈತರು ಗೊಣಗುವುದು ಸಹಜ. ಠಾಣೆಯಿಂದ ಮರಳಿದ ಬಂದೂಕಿನ ನಳಿಗೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡಬೇಕು, ವಾರಗಟ್ಟಲೆ ಅದಕ್ಕೆ ಎಣ್ಣೆ ಸೋಕಿರುವುದಿಲ್ಲ.

ಮಾಲೀಕ ತೀರಿಕೊಂಡರೆ ಬಂದೂಕು ಹೊಲಮನೆಯಂತೆ ತಾನಾಗಿ ಮಕ್ಕಳಿಗೆ ಬರುವುದಿಲ್ಲ. ಪರವಾನಗಿ ವ್ಯಕ್ತಿಯದು, ಮನೆತನದ್ದಲ್ಲ. ತಡಮಾಡದೆ ಅದನ್ನು ಠಾಣೆಯಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಒಪ್ಪಿಸಿ, ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ಹೊಸ ಅರ್ಜಿ ಹಾಕಬೇಕು. ಬದುಕಿರುವಾಗಲೇ ವರ್ಗಾಯಿಸಲೂ ಅವಕಾಶವಿದೆ: ಮಾಲೀಕನಿಗೆ 70 ವರ್ಷ ತುಂಬಿದಾಗ, ಇಲ್ಲವೇ ಬಂದೂಕು ಅವನ ಬಳಿಗೆ ಬಂದು 25 ವರ್ಷವಾದಾಗ, ಯಾವುದು ಮೊದಲೋ ಆಗ, ವಾರಸುದಾರನ ಹೆಸರಿಗೆ ಪರವಾನಗಿ ಕೇಳಬಹುದು. ಯಾರಿಗೂ ಬೇಡವಾದರೆ ಪರವಾನಗಿಯುಳ್ಳ ವ್ಯಾಪಾರಿಗೆ ಮಾರಬಹುದು ಅಥವಾ ಸರ್ಕಾರಕ್ಕೆ ಒಪ್ಪಿಸಿಬಿಡಬಹುದು.